ಕೊಪ್ಪರಿಗೆಯ ಮಡ್ಡಿ, ಆಕಾಶದ ಆಮ್ಲಜನಕ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅರಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮನೆ ಶ್ರೀರಂಗಪಟ್ಟಣದಲ್ಲಿ. ದಿನಾ ಬಸ್ಸು ಹಿಡಿದು ಹೋಗುವುದು, ನಾಲೆಯ ಪಕ್ಕದ ಗದ್ದೆಗಳನ್ನು ನೋಡುತ್ತಾ ವಾಪಸು ಬರುವುದು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಪುಸ್ತಕದಲ್ಲಿ ಇಲ್ಲದ್ದನ್ನು ಯಾರಾದರೂ ಬರೆದರೆ ಮುಗಿಯಿತು.

ಹತ್ತನೇ ತರಗತಿಯ ಒಂದು ಟೆಸ್ಟಿನಲ್ಲಿ ನಾನೇ ಒಂದು ಪ್ರಶ್ನೆ ಕೊಟ್ಟಿದ್ದೆ: ಭೂಮಿಯ ಗಾಳಿಯಿಂದ ಜಲಜನಕ ತಪ್ಪಿಸಿಕೊಂಡು ಹೋಗುತ್ತದೆ, ಆಮ್ಲಜನಕ ಯಾಕೆ ಹೋಗುವುದಿಲ್ಲ? ನಾನು ಬರೆಸಿದ್ದ ಉತ್ತರ ಒಂದೇ ಸಾಲಿನದು. ಆಮ್ಲಜನಕದ ಪರಮಾಣು ಜಲಜನಕದ್ದಕ್ಕಿಂತ ಹದಿನಾರು ಪಟ್ಟು ಭಾರ, ಅದಕ್ಕೇ ಭೂಮಿ ಅದನ್ನು ಬಿಡುವುದಿಲ್ಲ. ತರಗತಿಗೆ ತರಗತಿಯೇ ಅದನ್ನು ಬರೆದಿತ್ತು. ಒಬ್ಬಳು ಮಾತ್ರ ಬರೆದಿರಲಿಲ್ಲ.

ಅವಳ ಅಪ್ಪ ಊರಾಚೆಯ ಆಲೆಮನೆಯಲ್ಲಿ ಬೆಲ್ಲ ಕಾಯಿಸುವವರು. ಆಲೆಮನೆಯ ಪಕ್ಕದಲ್ಲೇ ಅವರ ಮನೆ. ಅವಳು ಹೀಗೆ ಬರೆದಿದ್ದಳು: "ಆಮ್ಲಜನಕ ಹೋಗುವುದೇ ಇಲ್ಲ ಎನ್ನಲು ಆಗುವುದಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ತಣ್ಣಗಿದ್ದಾಗ ತಳದಲ್ಲಿರುವ ಮಡ್ಡಿ ಕಾವು ಏರಿದರೆ ಮೇಲಕ್ಕೆ ಬರುತ್ತದೆ. ಭಾರವಾದದ್ದಕ್ಕೂ ಸಾಕಷ್ಟು ಕಾವು ಸಿಕ್ಕಿದರೆ ಅದೂ ಹೋಗಬಹುದು."

ನಾನು ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿದೆ. ಅಷ್ಟಕ್ಕೇ ಬಿಡಬಹುದಿತ್ತು, ಬಿಡಲಿಲ್ಲ. ಅದನ್ನು ತರಗತಿಯಲ್ಲಿ ಜೋರಾಗಿ ಓದಿ, "ಇವಳು ಆಕಾಶದಲ್ಲಿ ಬೆಲ್ಲ ಕಾಯಿಸುತ್ತಾಳಂತೆ" ಎಂದೆ. ಎಲ್ಲರೂ ನಕ್ಕರು. ಅವಳು ಪೇಪರನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಇಟ್ಟುಕೊಂಡಳು. ಆಮೇಲೆ ವರ್ಷ ಪೂರ್ತಿ ನನ್ನ ಪೀರಿಯಡ್ಡಿನಲ್ಲಿ ಅವಳು ಬಾಯಿ ಬಿಟ್ಟ ನೆನಪಿಲ್ಲ.

ಮುಂದಿನ ಬೇಸಿಗೆ ರಜೆಯಲ್ಲಿ ಮೈಸೂರಿನ ಒಂದು ಲೈಬ್ರರಿಯಲ್ಲಿ ಫ್ಯಾನಿನ ಕೆಳಗೆ ಕೂತು ಸುಮ್ಮನೆ ಒಂದು ಪತ್ರಿಕೆ ತಿರುವುತ್ತಿದ್ದೆ. ಧ್ರುವಗಳ ಮೇಲೆ ಹಾರುವ ಉಪಗ್ರಹದ ಬಗ್ಗೆ ಒಂದು ಲೇಖನವಿತ್ತು. ಉತ್ತರ, ದಕ್ಷಿಣ ಧ್ರುವಗಳ ಮೇಲೆ, ಗಾಳಿ ತೀರಾ ತೆಳುವಾಗುವ ಎತ್ತರದಲ್ಲಿ, ಎಲೆಕ್ಟ್ರಾನು ಕಳೆದುಕೊಂಡ ಆಮ್ಲಜನಕ ಇರುತ್ತದಂತೆ. ಅದನ್ನು ಅಯಾನು ಎನ್ನುತ್ತಾರೆ. ಸೂರ್ಯನ ಕಡೆಯಿಂದ ಬರುವ ಶಕ್ತಿ ಅಲ್ಲಿಗೆ ಇಳಿದಾಗ ಆ ಭಾರದ ಅಯಾನುಗಳೂ ಕಾದು, ಮೇಲಕ್ಕೆ ಹೊರಟು, ಬಾಹ್ಯಾಕಾಶ ಸೇರುತ್ತವಂತೆ. ಇದು ಹೊಸ ಸುದ್ದಿಯೂ ಅಲ್ಲ, ನಾನು ಕಾಲೇಜಿನಲ್ಲಿದ್ದಾಗಲೇ ವಿಜ್ಞಾನಿಗಳಿಗೆ ಗೊತ್ತಾಗಿದ್ದ ವಿಷಯ. ನನಗೆ ಮಾತ್ರ ಗೊತ್ತಿರಲಿಲ್ಲ. ಆ ಪುಟ ಓದುತ್ತಾ ನನ್ನ ಕಿವಿ ಬಿಸಿಯಾಯಿತು.

ಎಸ್ಸೆಸ್ಸೆಲ್ಸಿ ಫಲಿತಾಂಶ ಆಗಲೇ ಬಂದಿತ್ತು. ಕಾಲೇಜಿಗೆ ಅರ್ಜಿ ಹಾಕುವ ದಿನಗಳು. ಮಾರನೆಯ ದಿನವೇ ಬಸ್ಸು ಹತ್ತಿ ಆಲೆಮನೆಗೆ ಹೋದೆ. ಆಲೆಮನೆ ನನಗೆ ಹೊಸದಲ್ಲ. ಹೋದವರನ್ನು ಅಲ್ಲಿ ಬರಿಗೈಯಲ್ಲಿ ಕಳಿಸುವುದಿಲ್ಲ. ಎಷ್ಟೋ ಸಲ ಬಿಸಿ ಬೆಲ್ಲ ತಿಂದು, ಕೈ ತೊಳೆದುಕೊಂಡು ಬಂದಿದ್ದೆ. ಕೊಪ್ಪರಿಗೆಯೊಳಗೆ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಅವಳ ಅಪ್ಪ ಉದ್ದ ಹಿಡಿಯ ಜರಡಿಯಿಂದ ಮಡ್ಡಿ ತೆಗೆಯುತ್ತಿದ್ದರು. "ಬನ್ನಿ ಮೇಡಮ್ಮೋರೆ, ಕೂತ್ಕಳಿ. ನಮ್ ಮಗ ಆರ್ಟ್ಸ್‌ಗೆ ಫಾರಂ ತುಂಬವ್ಳೆ. ನಾಳಿದ್ದು ಕೊನೆ ದಿನ" ಎಂದರು. ಮಗಳನ್ನು ಅವರು ಮಗ ಎಂದೇ ಕರೆಯುತ್ತಿದ್ದರು.

"ವಿಜ್ಞಾನದಲ್ಲಿ ಒಳ್ಳೆ ನಂಬರು ಬಂದಿದೆಯಲ್ಲ?"

"ನಂಗೆ ಸೈನ್ಸ್ ತಲೆಗೆ ಅತ್ತಾಕಿಲ್ಲ ಅಂತವ್ಳೆ. ನಾನೇನ್ ಓದಿದ್ದನಾ, ಏಳಾಕೆ?"

ಅವಳು ಮನೆಯಿಂದ ಬಂದು ಚಪ್ಪರದ ಕಂಬದ ಪಕ್ಕ ನಿಂತಳು. ಲೇಖನದಲ್ಲಿದ್ದುದನ್ನು ಒಂದೂ ಬಿಡದೆ ಹೇಳಿದೆ. ಕೊಪ್ಪರಿಗೆಯಲ್ಲಿ ನೊರೆ ಮಡ್ಡಿಯನ್ನು ಎತ್ತುತ್ತದೆ, ಧ್ರುವದ ಮೇಲೆ ವಿದ್ಯುತ್ತು, ಅದರ ಅಲೆಗಳು ಎಲ್ಲ ಸೇರಿ ಅಯಾನನ್ನು ತಳ್ಳುತ್ತವೆ, ಎರಡೂ ಒಂದೇ ಅಲ್ಲ ಎಂದೂ ಹೇಳಿದೆ. "ಆದರೆ ಭಾರದ್ದೂ ಹೋಗುತ್ತೆ ಅಂದಿದ್ದೆಯಲ್ಲ, ಅದು ಸರಿ. ನಾನೇ ತಪ್ಪು."

"ಅಂಗಾರೆ ಗಾಳಿ ಎಲ್ಲಾ ಕಾಲಿಯಾಗ್ಬುಡ್ತದಾ ಮೇಡಮ್?"

"ಇಲ್ಲ ಕಣಮ್ಮ. ಹೋಗುವುದು ಇರುವುದರ ಮುಂದೆ ಏನೇನೂ ಅಲ್ಲ."

ಅವಳು ಕಂಬ ಬಿಟ್ಟು ಮುಂದೆ ಬಂದು ಹೇಳಿದಳು, "ಅವತ್ತು ಎಲ್ರು ಮುಂದೆ ಓದುದ್ರಿ. ಇವತ್ತು ನನ್ನೊಬ್ಳಿಗೆ ಏಳ್ತಾ ಇದ್ದೀರ."

ಆ ತರಗತಿ ಈಗ ಎಲ್ಲಿದೆ? ಪರೀಕ್ಷೆ ಮುಗಿದು ಒಬ್ಬೊಬ್ಬರು ಒಂದೊಂದು ಕಡೆ ಚದುರಿದ್ದರು. ನಕ್ಕವರನ್ನು ಒಟ್ಟು ಸೇರಿಸುವುದು ಇನ್ನು ಆಗದ ಮಾತು.

ಅವಳು ಒಳಗೆ ಹೋಗಿ ಆ ಪೇಪರನ್ನು ತಂದಳು. ಮಡಿಕೆಗಳಲ್ಲಿ ಹರಿಯುವ ಹಾಗಾಗಿತ್ತು. "ಓದಿ ಮೇಡಮ್. ಅವತ್ತಿನಂಗೇ ಜೋರಾಗಿ."

ಗಾಣಕ್ಕೆ ಕಬ್ಬು ಕೊಡುತ್ತಿದ್ದವರು, ಒಲೆಗೆ ಸಿಪ್ಪೆ ಹಾಕುತ್ತಿದ್ದವರು, ಬೆಲ್ಲದ ಅಚ್ಚು ತೊಳೆಯುತ್ತಿದ್ದ ಹೆಂಗಸರು, ಎಲ್ಲ ಸೇರಿ ಎಂಟು ಹತ್ತು ಜನ ಇದ್ದಿರಬಹುದು. ಗಾಣದ ಸದ್ದಿನ ಮೇಲೆ ಕೇಳಬೇಕಲ್ಲ, ಕೂಗಿಯೇ ಓದಿದೆ. ಕೊಪ್ಪರಿಗೆ, ತಳದ ಮಡ್ಡಿ, ಕಾವು, ಕೊನೆಯ ಸಾಲಿನವರೆಗೆ. ಯಾರೂ ನಗಲಿಲ್ಲ.

ಅವಳ ಅಪ್ಪ ಜರಡಿಯನ್ನು ಕೊಪ್ಪರಿಗೆಯ ಅಂಚಿಗೆ ಒರಗಿಸಿ, ನನ್ನ ಕೈಯಲ್ಲಿದ್ದ ಪೇಪರಿನ ಕೆಂಪು ಸೊನ್ನೆಯನ್ನೇ ನೋಡಿದರು. "ಸರಿಯಾಗೇ ಬರ್ದವ್ಳಲ್ಲ. ಇದ್ರಲ್ಲಿ ತಪ್ಪೇನದೆ ಮೇಡಮ್ಮೋರೆ?"

"ಏನೂ ಇಲ್ಲ" ಎಂದೆ.

ಅವಳು ನನ್ನ ಕೈಯಿಂದ ಪೇಪರನ್ನು ತೆಗೆದುಕೊಂಡು ಮತ್ತೆ ನಾಲ್ಕು ಮಡಿಕೆ ಮಾಡಿದಳು. "ಅಪ್ಪ, ನಾಳೆ ಮೊದಲ್ನೆ ಬಸ್ಸಿಗೆ ಓಗಿ ಇನ್ನೊಂದು ಫಾರಂ ತರ್ಬೇಕು" ಎಂದಳು.