ಒಳಗೂ ಹೊರಗೂ ತಿಕ್ಕಿದ ಚೊಂಬು

ಮೊನ್ನೆ ದೀಪದ ಕಂಬ ತಿಕ್ಕಲು ಹುಣಸೆಹಣ್ಣು ನೆನೆಹಾಕಿದ್ದೆ. ಹಿತ್ತಾಳೆಗೆ ಹುಳಿ ತಾಗಿದ ಕೂಡಲೇ ಮೂಗಿಗೆ ಬಡಿಯುವ ಆ ವಾಸನೆ... ಕೈ ಅಲ್ಲೇ ನಿಂತಿತು. ಹೊಳೆನರಸೀಪುರದ ನಮ್ಮ ಎದುರುಮನೆ ಅತ್ತೆ ನೆನಪಾದರು.

ನೆಂಟಸ್ತಿಕೆ ಏನಿಲ್ಲ, ಬೀದಿಯ ಹುಡುಗಿಯರಿಗೆಲ್ಲ ಅವರು ಅತ್ತೆ. ಜವಳಿ ವ್ಯಾಪಾರಿಯ ಹೆಂಡತಿ, ಹಣೆ ತುಂಬ ವಿಭೂತಿ. ಆ ಮನೆಯಲ್ಲಿ ಮಕ್ಕಳು ಮಾತ್ರ ಉಳಿಯುತ್ತಿರಲಿಲ್ಲ. ಎರಡು ಕೂಸುಗಳು ಆಡಿಕೊಂಡಿದ್ದು, ತಪ್ಪುಹೆಜ್ಜೆ ಇಡುವ ಹೊತ್ತಿಗೆ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಹೋಗಿಬಿಟ್ಟಿದ್ದವು. ಮೂರನೆಯವನು ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಅತ್ತೆಗೆ ಎದೆಹಾಲು ಸಾಲದು. ಅವರ ತವರುಮನೆಯಿಂದ ಮೊದಲ ಬಾಣಂತನಕ್ಕೆಂದು ಕೊಟ್ಟಿದ್ದ ಹಿತ್ತಾಳೆ ಚೊಂಬಿನಲ್ಲಿ ಹಸುವಿನ ಹಾಲು ಕಾಯಿಸಿ, ಅದರಲ್ಲೇ ಇಟ್ಟು, ದಿನವಿಡೀ ಕುಡಿಸುತ್ತಿದ್ದರು.

ಆ ಚೊಂಬನ್ನು ಅವರು ತಿಕ್ಕುತ್ತಿದ್ದ ಪರಿಯೇ ಪರಿ! ಹುಣಸೆಹುಳಿ, ಒಲೆಬೂದಿ, ತೆಂಗಿನ ನಾರು. ಹೊರಗಷ್ಟೇ ಅಲ್ಲ, ಒಳಗೂ ಕೈ ಬಿಟ್ಟು ಉಜ್ಜುತ್ತಿದ್ದರು.

"ಒಳ್ಗೂ ತಿಕ್ಬೇಕು ಕಣವ್ವಾ. ಒಸಿ ಕೊಳೆ ಇದ್ರೂ ಮಗಿಗೆ ಆಗಾಕಿಲ್ಲ."

ಒಳಗಿನ ಬಿಳಿ ಕಲಾಯಿ ತಿಕ್ಕಿ ತಿಕ್ಕಿ ಎಂದೋ ಸವೆದುಹೋಗಿತ್ತು. ಯುದ್ಧದಿಂದಾಗಿ ತವರ ಸಿಗದೆ, ಕಲಾಯಿ ಹಾಕುವವನೂ ಊರ ಕಡೆ ತಲೆ ಹಾಕುತ್ತಿರಲಿಲ್ಲ. ಚೊಂಬಿನ ಒಳಗು ಚಿನ್ನದಂತೆ ಹೊಳೆಯುತ್ತಿತ್ತು. ಅದನ್ನು ಕಂಡರೆ ಅತ್ತೆಗೆ ಸಮಾಧಾನ.

ಆ ಕೂಸಿನ ಕಣ್ಣೂ ಹಳದಿಯಾಯಿತು. ಪೆಟ್ರೋಲ್ ಬದಲು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಹಾಸನಕ್ಕೆ ಎತ್ತಿಕೊಂಡು ಓಡಿದರು. ಡಾಕ್ಟರು ಯಕೃತ್ತಿನ ಕಾಯಿಲೆ ಎಂದು ಔಷಧಿ ಕೊಟ್ಟರು; ಅದು ಯಾಕೆ ಬರುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಹರಕೆ ಹೊತ್ತರು, ಉಪವಾಸ ಬಿದ್ದರು. ಚೊಂಬನ್ನು ಇನ್ನೂ ಜೋರಾಗಿ ತಿಕ್ಕಿದರು. ಬೆರಳು ಸುಲಿದು, ಹುಳಿ ತಾಗಿ ಚುರುಗುಟ್ಟುತ್ತಿದ್ದರೂ ಬಿಡರು. "ಇವ್ನೊಬ್ಬುನ್ನ ಉಳಿಸ್ಕೊಡಪ್ಪಾ ಸಿವ್ನೇ" ಎಂದು ಚೊಂಬಿನೊಳಗೇ ಅಳುತ್ತಿದ್ದರು.

ಮಗು ಉಳಿಯಲಿಲ್ಲ. ಆಮೇಲೆ ಬೀದಿಯ ಬಾಣಂತಿಯರು ಅತ್ತೆಯನ್ನು ಕಂಡರೆ ಕೂಸಿನ ಮೇಲೆ ಸೆರಗು ಎಳೆದುಕೊಳ್ಳತೊಡಗಿದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ರಸಾಯನಶಾಸ್ತ್ರ ಓದಿ ಮೇಡಂ ಆದೆ. ಹಿತ್ತಾಳೆಯಲ್ಲಿರುವ ತಾಮ್ರ ಗಾಳಿಯ ಆಮ್ಲಜನಕದೊಡನೆ ಸೇರಿ ಕಪ್ಪಾಗುತ್ತದೆ, ಹುಳಿಯ ಆಮ್ಲ ಆ ಕಪ್ಪನ್ನು ಕರಗಿಸುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದೆನೋ... ತಲೆ ನರೆತ ಮೇಲೆ ಒಂದು ದಿನ ಪತ್ರಿಕೆಯಲ್ಲಿ ವೈದ್ಯರ ಲೇಖನ ಓದಿದೆ. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿಟ್ಟ ಹಾಲಿಗೆ ತಾಮ್ರ ಇಳಿಯುತ್ತದೆ, ಅದು ಹಸುಳೆಯ ಯಕೃತ್ತಿನಲ್ಲಿ ಕೂತು ಕೊಲ್ಲುತ್ತದೆ ಎಂದಿತ್ತು. ಬಚ್ಚಲ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಅದಾದ ಮೇಲೆ ನನಗೆ ಮೊಮ್ಮಗಳು ಹುಟ್ಟಿದಳು. ಸುದ್ದಿ ಹೇಳಲು ಹೋದರೆ, ಹಣ್ಣಾಗಿದ್ದ ಅತ್ತೆ ಒಳಗಿನಿಂದ ಆ ಚೊಂಬನ್ನೇ ತಂದರು. ಥಳಥಳ ಎನ್ನುತ್ತಿತ್ತು.

"ಮಗಿಗೆ ಆಲು ಕಾಯ್ಸಕ್ಕೆ ಮಡೀಕವ್ವಾ. ನನ್ ಕೈಲಿ ಯಾರೂ ಏನೂ ಈಸ್ಕಳಾಕಿಲ್ಲ, ನೀನಾದ್ರೂ ಈಸ್ಕೋ. ನನ್ ಅಣೇಲಿ ಬರೀಲಿಲ್ಲ ಅಂದ್ರೆ ಚೊಂಬೇನ್ ಮಾಡ್ತು, ಪಾಪ?"

ಎರಡೂ ಕೈ ಚಾಚಿ ತೆಗೆದುಕೊಂಡೆ.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಆ ಚೊಂಬಿನಲ್ಲಿ ನಾನು ಒಂದು ತೊಟ್ಟು ಹಾಲೂ ಹಾಕಿಲ್ಲ. ಮೊನ್ನೆ ಹಲಗೆಯಿಂದ ಇಳಿಸಿ ನೋಡಿದರೆ ಒಳಗೆಲ್ಲ ಹಸಿರು ಕಿಲುಬು. ಹುಳಿ ಕೈಯಲ್ಲೇ ಇತ್ತು. ಹೊರಗೆ ತಿಕ್ಕಿ, ತೊಳೆದು, ಒರೆಸಿದೆ. ಒಳಗೆ ಕೈ ಹಾಕಲು ಮಾತ್ರ ಆಗಲಿಲ್ಲ.