ಹಾಜರಿ ಪುಸ್ತಕದಿಂದ ಹೋದ ವಿಳಾಸ

ಮೂವತ್ತು ವರ್ಷ ಹೆಡ್‌ಮಾಸ್ತರನಾಗಿದ್ದವನು ನಾನು. ನಿವೃತ್ತನಾಗಿ ಅಮೆರಿಕಕ್ಕೆ ಬಂದು ಚಿಕಾಗೋ ಪಕ್ಕದ ಸ್ಕೋಕಿಯಲ್ಲಿ ನೆಲೆಸಿದ ಮೇಲೂ ಸುಮ್ಮನೆ ಕೂರಲಾಗಲಿಲ್ಲ. ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಈ ದೇಶಕ್ಕೆ ಹೊಸದಾಗಿ ಬಂದವರಿಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದೆ. ಹಾಜರಿ ಪುಸ್ತಕ ಇಡಿ ಎಂದು ಯಾರೂ ಹೇಳಿರಲಿಲ್ಲ, ನಾನೇ ಇಟ್ಟೆ. ಹೆಸರು, ವಿಳಾಸ, ಫೋನು. ಸತತ ಮೂರು ವಾರ ಬಾರದವರ ಹೆಸರಿಗೆ ಕೆಂಪು ಗೆರೆ.

ತರಗತಿಗೆ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಯುದ್ಧದಿಂದ ತಪ್ಪಿಸಿಕೊಂಡು, ಇಬ್ಬರು ಮಕ್ಕಳೊಂದಿಗೆ ಇಲ್ಲಿ ಆಶ್ರಯ ಕೇಳಿದವಳು. ಹತ್ತಿರದ ಊರು ಡೆಸ್ ಪ್ಲೇನ್ಸಿನ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ಕೆಲಸ. ನಾಲ್ಕು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಆಮೇಲೆ ಅವಳ ದೇಶದವರೇ ಆದ ಮುದುಕರೊಬ್ಬರು ಸೇರಿದರು. ಹತ್ತು ನಿಮಿಷ ಮೊದಲೇ ಬಂದು ಕುರ್ಚಿಗಳನ್ನು ಸಾಲಾಗಿ ಇಡುವರು; ಶೂ ಫಳಫಳ. ನನಗೆ ಬಹಳ ಹಿಡಿಸಿದರು. ಅವರು ಸೇರಿದ ದಿನವೇ ಅವಳು ಬಾಗಿಲವರೆಗೆ ಬಂದು, ಒಳಗೆ ನೋಡಿ, ಹಿಂದಿರುಗಿದಳು. ಮುಂದಿನ ವಾರ ಬರಲೇ ಇಲ್ಲ.

"ಅವಳು ನಮ್ಮ ಕಡೆಯವಳು. ನಾನು ಮಾತಾಡಿಸಿ ಕರ್ಕೊಂಡು ಬರ್ತೀನಿ," ಎಂದರು ಮುದುಕರು.

ಇಲ್ಲಿ ಅಂಗಡಿಯಲ್ಲಿ ಒಂದು ಕನ್ನಡ ಮಾತು ಕಿವಿಗೆ ಬಿದ್ದರೆ ಸಾಕು, ನಿಂತಲ್ಲೇ ನಂಬರು ಕೊಟ್ಟು ಊಟಕ್ಕೆ ಕರೆಯುವವರು ನಾವು. ಒಂದೇ ಕಡೆಯವರು ಎಂದರೆ ನನಗೆ ಅಷ್ಟೇ ಅರ್ಥ. ಪುಸ್ತಕ ತೆರೆದು ಅವಳ ವಿಳಾಸವನ್ನು ಅಪಾರ್ಟ್‌ಮೆಂಟ್ ನಂಬರಿನ ಸಮೇತ ಬರೆದುಕೊಟ್ಟೆ.

ಮರುವಾರ ಅವಳಿಗೆ ಫೋನ್ ಮಾಡಿದರೆ ನಂಬರು ಬಂದ್ ಆಗಿತ್ತು. ಕೆಂಪು ಗೆರೆ ಎಳೆದೆ.

ಕೆಲವು ತಿಂಗಳ ನಂತರ ಆ ಮುದುಕನನ್ನು ಬಂಧಿಸಿದರು. ಯುದ್ಧದಲ್ಲಿ ಒಂದು ಸೆರೆಶಿಬಿರ ಅವನ ಕೈಯಲ್ಲಿತ್ತಂತೆ. ಅಲ್ಲಿ ಜನರನ್ನು ಹಿಂಸಿಸಿದ್ದನ್ನು ಮುಚ್ಚಿಟ್ಟು ಈ ದೇಶಕ್ಕೆ ಬಂದಿದ್ದನಂತೆ. ಸರ್ಕಾರದ ತನಿಖಾಧಿಕಾರಿಯೊಬ್ಬರು ನಮ್ಮ ಮನೆಗೆ ಬಂದರು.

"ಆ ಹೆಂಗಸು ಶಿಬಿರದಲ್ಲಿದ್ದವಳು. ಅವನ ವಿರುದ್ಧ ನಮಗಿರೋ ಸಾಕ್ಷಿ ಅವಳೇ," ಎಂದರು. "ಅವನು ಅವಳ ಮನೆ ಬಾಗಿಲಿಗೇ ಹೋಗಿದ್ದ. ಹೆದರಿ ಡೆಟ್ರಾಯಿಟ್ ಕಡೆ ಹೋಗಿದಾಳೆ. ಆಶ್ರಯದ ಅರ್ಜಿ ತಗೊಂಡ ಕಚೇರಿಯವರೇ ವಿಳಾಸ ಕೊಟ್ಟರು ಅಂತ ಅವಳ ನಂಬಿಕೆ. ಅದಕ್ಕೇ ಸರ್ಕಾರದವರನ್ನ ನಂಬ್ತಿಲ್ಲ, ಸಾಕ್ಷಿ ಹೇಳೋಕೆ ಒಪ್ತಿಲ್ಲ. ನಿಮ್ಮ ಹತ್ರ ವಿಳಾಸ ಇತ್ತಾ?"

"ನನ್ನ ಪುಸ್ತಕ ಯಾವಾಗಲೂ ಬೀರುವಿನಲ್ಲೇ ಇರತ್ತೆ," ಎಂದೆ.

ಅವರು ಹೋದ ಮೇಲೆ ನನ್ನ ಹೆಂಡತಿ ಕಾಫಿ ಲೋಟ ಎತ್ತುತ್ತ, "ಬೀರುವಿನಿಂದ ವಿಳಾಸ ತಾನೇ ನಡ್ಕೊಂಡು ಹೋಯ್ತೇನ್ರೀ? ಅವಳಿಗೂ ಊರಿನವರು ಸಿಕ್ಕರು ಅಂತ ನೀವೇ ಅಲ್ವಾ ಅವತ್ತು ಖುಷಿಯಾಗಿ ಬಂದು ಹೇಳಿದ್ದು?" ಎಂದಳು.

"ಈಗ ಹೇಳಿದ್ರೆ ಏನಂದ್ಕೊಳ್ತಾರೆ?"

"ಹೆಡ್‌ಮಾಸ್ತರು ತಪ್ಪು ಮಾಡಿದ್ರು ಅಂದ್ಕೊಳ್ತಾರೆ. ಮಾಡಿದೀರಲ್ಲ!"

ಆದರೂ ಹನ್ನೊಂದು ದಿನ ಸುಮ್ಮನಿದ್ದೆ. ಅಷ್ಟೂ ದಿನ ಐದಕ್ಕೆ ಎದ್ದೆ. ಸ್ನಾನ, ನಡಿಗೆ, ಪೇಪರು, ಯಾವುದೂ ಹೊತ್ತು ತಪ್ಪಲಿಲ್ಲ. ವಿಳಾಸ ಕೊಟ್ಟಾಗ ನನಗೆ ಏನೂ ಗೊತ್ತಿರಲಿಲ್ಲ. ಈ ಹನ್ನೊಂದು ದಿನ ಎಲ್ಲ ಗೊತ್ತಿತ್ತು. ನೆನೆದರೆ ಈಗಲೂ ತಲೆ ತಗ್ಗುತ್ತದೆ. ಹನ್ನೆರಡನೆಯ ದಿನ ಅಧಿಕಾರಿಗೆ ಫೋನ್ ಮಾಡಿ ಹೇಳಿದೆ.

"ಇದನ್ನ ಅವಳ ಮುಂದೆ ನೀವೇ ಹೇಳ್ಬೇಕಾಗತ್ತೆ," ಎಂದರು.

ಡೆಟ್ರಾಯಿಟ್ ಹತ್ತಿರದ ಕಚೇರಿಯೊಂದರಲ್ಲಿ ಅವಳು ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂತೆ ಕುಳಿತಿದ್ದಳು. ತುಂಬ ಇಳಿದುಹೋಗಿದ್ದಳು. ನಾನು ನಿಂತೇ ಹೇಳಿದೆ: ವಿಳಾಸ ಕೊಟ್ಟವನು ನಾನು, ಯಾವ ಕಚೇರಿಯೂ ಅಲ್ಲ.

ನಾನು ಕಲಿಸಿದ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದಳು: "ಮಕ್ಕಳ ಸ್ಕೂಲು? ಅದನ್ನೂ ಹೇಳಿದ್ರಾ?"

"ಇಲ್ಲ. ಅದು ನನಗೆ ಗೊತ್ತಿರಲಿಲ್ಲ."

ನಾಲ್ಕು ತಿಂಗಳಲ್ಲಿ ಅವಳ ಮಕ್ಕಳ ವಿಷಯ ಒಮ್ಮೆಯೂ ಕೇಳಿರಲಿಲ್ಲ.

ಅವಳು ಅಧಿಕಾರಿಯ ಕಡೆ ತಿರುಗಿದಳು. "ಸರಿ, ನಾನು ಸಾಕ್ಷಿ ಹೇಳ್ತೀನಿ. ಆದ್ರೆ ಸರ್ ಹೊರಗೆ ಹೋಗ್ಲಿ."

ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವನ್ನು ಆಡದೆ ಹೊರಗೆ ಬಂದೆ.