ಹಳ್ಳದ ಹಾರ್ನಿನ ತಿಮ್ಮೇಶ್

ಪಂಚನಹಳ್ಳಿ ಕಡೆಯ ತಿಮ್ಮೇಶ್ ಹೊಸಬರು ಯಾರೇ ಎದುರಾದರೂ ಮೊದಲು ಕೇಳುವುದು ಒಂದೇ: "ಯಾರ ಕಡೆಯೋನಪ್ಪಾ ನೀನು?" ಮೋಟರ್ ವೈಂಡಿಂಗ್ ಬಿಟ್ಟು ಕೆರೆ ಸಂಘದ ಸರ್ವರ್ ನೋಡಿಕೊಳ್ಳಲು ಬಂದ ಮೇಲೂ ಆ ಚಾಳಿ ಹೋಗಲಿಲ್ಲ. ಜಾವಾ ಎಂಬ ತಂತ್ರಾಂಶದಲ್ಲಿ ಓಡುವ ಆ ಸರ್ವರಿಗೂ ಅದೇ ಚಾಳಿ. ಹೊರಗಿನ ಕಂಪ್ಯೂಟರಿನ ಜೊತೆ ಮಾತಾಡುವ ಮೊದಲು ಅದರ ಗುರುತಿನ ಚೀಟಿ, ಅಂದರೆ ಸರ್ಟಿಫಿಕೇಟ್ ಕೇಳುತ್ತದೆ. ಅದಕ್ಕೆ ಸಹಿ ಹಾಕಿದ ಹಿರಿಯ, ತಾನು ನಂಬುವವರ ಗುರುತು ಕಟ್ಟಿಟ್ಟ ಗಂಟಿನಲ್ಲಿ ಇಲ್ಲದಿದ್ದರೆ ಬಾಗಿಲು ಹಾಕಿಕೊಳ್ಳುತ್ತದೆ.

ಒಂದು ಮಧ್ಯಾಹ್ನ ಹಾಗೇ ಬಾಗಿಲು ಹಾಕಿಕೊಂಡಿತು. ತೂಬು ಎತ್ತುವಾಗ ಸರ್ವರ್ ಹೊರಗಿನ ಒಂದು ಕಂಪನಿಗೆ ಸುದ್ದಿ ಕಳಿಸಬೇಕು, ಕಂಪನಿ ಕೆಳಗಿನ ಹಳ್ಳದ ದಡದ ಹಾರ್ನ್ ಕೂಗಿಸಬೇಕು, ಹಳ್ಳದಲ್ಲಿದ್ದವರು ಮೇಲೆ ಹತ್ತಬೇಕು. ಆದರೆ ಕಂಪನಿ ಸರ್ಟಿಫಿಕೇಟ್ ಬದಲಿಸಿತ್ತು. ಅದರ ಹೊಸ ಹಿರಿಯನ ಗುರುತು ಸರ್ವರಿಗೆ ಸಿಗಲಿಲ್ಲ.

ಏರಿಯ ಮೇಲಿಂದ ನೀರುಗಂಟಿ ಈರಣ್ಣ ಫೋನ್ ಮಾಡಿದ. "ಲೇ ತಿಮ್ಮೇಶ, ಮೇಲಿಂದ ನೀರು ನುಗ್ತೈತೆ. ಕೋಡಿ ಪಕ್ಕ ಏರಿ ಬಿರುಕು ಬಿಟ್ಟೈತೆ. ತೂಬು ಎತ್ಲೇನೋ?"

"ತಡಿಯಣ್ಣ, ಹಾರ್ನಿಗೆ ಸುದ್ದಿ ಹೋಗ್ತಿಲ್ಲ."

"ನಿನ್ ಡಬ್ಬ ಹೂಂ ಅನ್ನೋಗಂಟ ಏರಿ ಕಾಯ್ತದೇನ್ಲಾ?"

ತಿಮ್ಮೇಶ್ ಕಂಪನಿಯ ದುಷ್ಯಂತನಿಗೆ ಫೋನ್ ಹಚ್ಚಿ ಹಿರಿಯನ ಸರ್ಟಿಫಿಕೇಟ್ ತರಿಸಿಕೊಂಡ. ಒಂದೊಂದು ಅಕ್ಷರ ಓದಿಸಿ ತಾಳೆ ನೋಡಿದ, ಜಾವಾದ ಗಂಟಿಗೆ ಸೇರಿಸಿದ, ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದ. ಪಕ್ಕದಲ್ಲಿ ಆದೇಶ ಟೈಪಿಸುವ ಕರಿ ಪರದೆಯಲ್ಲಿ ಕಂಪನಿಯನ್ನು ಕರೆದು ನೋಡಿದರೆ ಬಾಗಿಲು ತೆರೆಯಿತು. ಹಾರ್ನನ್ನೇ ಒಮ್ಮೆ ಕೂಗಿಸಿ ನೋಡಬಹುದಿತ್ತು. ಆದರೆ ಸುಳ್ಳು ಕೂಗು ಕೇಳಿ ರೂಢಿಯಾದ ಜನ ನಿಜವಾದ ಕೂಗಿಗೆ ಏಳುವುದಿಲ್ಲ. ಪರೀಕ್ಷೆಗೆಂದು ಹಾರ್ನ್ ಮುಟ್ಟಬಾರದು ಎಂಬುದು ಊರ ಕಟ್ಟಳೆ.

"ಎತ್ತಣ್ಣ," ಎಂದ.

ಈರಣ್ಣ ಎತ್ತಿದ. ಪರದೆಯ ಮೇಲೆ ಅದೇ ಕೆಂಪು ಸಾಲು ಮತ್ತೆ ಬಂತು: ನಂಬಲಾಗದು. ಆ ಕಂಪ್ಯೂಟರಿನಲ್ಲಿ ಎರಡು ಜಾವಾ ಇದ್ದವು. ಇವನು ಗುರುತು ಹಾಕಿ ಕರಿ ಪರದೆಯಲ್ಲಿ ಪರೀಕ್ಷಿಸಿದ್ದು ಒಂದರಲ್ಲಿ, ಸರ್ವರ್ ಓಡುತ್ತಿದ್ದದ್ದು ಇನ್ನೊಂದರಲ್ಲಿ.

"ಇಳ್ಸಣ್ಣ! ಇಳ್ಸು!"

"ಆಗಲ್ಲ ಕಣೋ! ನೀರಿನ ಒತ್ತಡಕ್ಕೆ ತಿರುಪು ಕಚ್ಕೊಂಡೈತೆ!"

ತಿಮ್ಮೇಶನ ಬೈಕ್ ಹಳ್ಳ ಮುಟ್ಟುವ ಹೊತ್ತಿಗೆ ಕೆಂಪು ನೀರು ದಡದಿಂದ ದಡಕ್ಕೆ ಹರಡಿತ್ತು. ಉಣ್ಣೆ ಕತ್ತರಿಸುವ ಮೊದಲು ಕುರಿ ತೊಳೆಯಲು ಇಳಿದಿದ್ದ ಅವನ ದೊಡ್ಡಪ್ಪ ದೊಡ್ಡಬೀರಪ್ಪ ಹೊಂಗೆಯ ಬೇರು ಹಿಡಿದು ನೇತಾಡುತ್ತಿದ್ದ. ಕುರಿ ಒಂದೂ ಕಾಣಲಿಲ್ಲ. ತಿಮ್ಮೇಶ್ ಅವನ ರಟ್ಟೆ ಹಿಡಿದು ಎಳೆದು ಹಾಕಿದ.

"ಹಾರ್ನ್ ಕೂಗ್ಲಿಲ್ವಲ್ಲೋ ಮಗ," ಎಂದ ಮುದುಕ, ನೀರು ಕಕ್ಕುತ್ತ. "ನಮ್ಮ ತಿಮ್ಮೇಶಂದು ಕಣ್ರೇ ಅದು, ಅದು ಕೂಗ್ದೆ ನೀರು ಬರಲ್ಲ, ಇಳೀರಿ ಅಂತ ನಾನೇ ಹೇಳ್ದೆ."

"ಯಾರ್ಗೆ ಹೇಳ್ದೆ ದೊಡ್ಡಪ್ಪ?"

ದೊಡ್ಡಮ್ಮ ಅಂಬಮ್ಮನೂ ಕೇರಿಯ ಹೆಂಗಸರೂ ಕಂಬಳಿ ಒಗೆಯುವ ತಿರುವಿನ ಕಡೆ ಮುದುಕ ಕೈ ತೋರಿಸಿದ. ನೀರು ಆಗಲೇ ಆ ತಿರುವು ದಾಟಿತ್ತು.